ಎಡಕ್ಕೆ ವಾಲುವ ಕುರ್ಚಿಯ ಯಜಮಾನ

ಕುರ್ಚಿಗಾಗಿ ಹೊಡೆದಾಡುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಊರವರ ಮುರುಕು ಕುರ್ಚಿಗಳನ್ನೆಲ್ಲ ರಿಪೇರಿ ಮಾಡಿಸಿ ಹೊಟ್ಟೆ ಹೊರೆದುಕೊಂಡು, ಕೊನೆಗೆ ತನ್ನ ಕುರ್ಚಿಯನ್ನೇ ಕಳೆದುಕೊಂಡವನು ನಮ್ಮ ಯಜಮಾನನೊಬ್ಬನೇ ಇರಬೇಕು. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಾನೇ ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ಮೊಹರು ಹೊಡೆಸಿಕೊಂಡು ಕಳೆದುಕೊಂಡ.

ಅವನನ್ನು ಬೀದಿಯವರೆಲ್ಲ ಯಜಮಾನ ಎಂದೇ ಕರೆಯುತ್ತಿದ್ದರು. ಅಂಗಡಿ ದೊಡ್ಡದೇನಲ್ಲ. ಮುಂದೆ ಗಾಜಿನ ಮೇಜು, ಮೇಜಿನ ಹಿಂದೆ ಯಜಮಾನ. ಯಜಮಾನನ ಹಿಂದೆ ಒಂದು ಪರದೆ, ಪರದೆಯ ಹಿಂದೆ ಅಂಟಿನ ವಾಸನೆ ತುಂಬಿದ ಕೆಲಸದ ಕೋಣೆ. ಅಲ್ಲಿ ಮರ ಮೊಳೆ ನೋಡಿಕೊಳ್ಳುವ ಮೇಸ್ತ್ರಿ ಒಬ್ಬ, ರೆಕ್ಸಿನ್ ಹೊಲಿಯುವ ಹೆಂಗಸು ಒಬ್ಬಳು. ಮೇಸ್ತ್ರಿಯ ಕೆಲಸ ಬಡಿಯುವುದು, ಹೊಲಿಗೆಯವಳ ಕೆಲಸ ಹೊಲಿಯುವುದು, ಯಜಮಾನನ ಕೆಲಸ ಕೂರುವುದು.

ಆ ಕೂರುವುದೇನು ಸಾಮಾನ್ಯ ಕೆಲಸವೆಂದು ತಿಳಿಯಬೇಡಿ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ಊರಿನ ಕುರ್ಚಿಗಳೆಲ್ಲ ನೆಟ್ಟಗಾಗುವ ಆ ಅಂಗಡಿಯಲ್ಲಿ ಯಜಮಾನನ ತಿರುಗುವ ಕುರ್ಚಿ ಮಾತ್ರ ವರ್ಷಗಟ್ಟಲೆಯಿಂದ ಎಡಕ್ಕೆ ವಾಲಿತ್ತು. ಎಡಗಡೆಯ ಚಕ್ರಗಳು ಮುರಿದು, ಉಳಿದವು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿದ್ದವು. ಅರಿಯದ ಗಿರಾಕಿ ಕೂತರೆ ಸೀದಾ ನೆಲಕ್ಕೆ. ಯಜಮಾನ ಮಾತ್ರ ಮೈಭಾರವನ್ನೆಲ್ಲ ಬಲಕ್ಕೆ ಹಾಕಿ, ಎಡಗಾಲನ್ನು ಮೇಜಿನ ಕಾಲಿಗೆ ಒತ್ತಿ, ರಾಜಗಾಂಭೀರ್ಯದಿಂದ ಕೂರುತ್ತಿದ್ದ. "ಎರಡು ನಿಮಿಷದ ಕೆಲಸ, ಚಕ್ರ ಹಾಕ್ಕೊಡ್ಲಾ ಯಜಮಾನ್ರೇ?" ಎಂದು ಮೇಸ್ತ್ರಿ ಕೇಳಿದಾಗಲೆಲ್ಲ, "ಬೇಡ ಬಿಡು, ನನಗೆ ಒಗ್ಗಿಹೋಗಿದೆ" ಎನ್ನುತ್ತಿದ್ದ.

ಕುರ್ಚಿ ಒಗ್ಗಿದ್ದರೂ ಕಾಲ ಒಗ್ಗಲಿಲ್ಲ. ಜನ ಈಗ ಕುರ್ಚಿ ಮುರಿದರೆ ಬಿಸಾಡಿ ಪ್ಲಾಸ್ಟಿಕ್ಕಿನದು ತರುತ್ತಾರೆ. ಅಂಗಡಿಗೆ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚಾಗಿ ಬರತೊಡಗಿದವು. ಹೆಂಡತಿಯ ಅಣ್ಣನದು ದೊಡ್ಡ ಪೀಠೋಪಕರಣದ ಮಳಿಗೆ. ಆ ಭಾವ ಆಗಲೇ ಹೇಳಿಬಿಟ್ಟಿದ್ದ: "ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಂದ್ಬಿಡಿ. ಬಾಗಿಲ ಹತ್ರ ನಿಂತು ಗಿರಾಕಿಗಳನ್ನ ಕರೀಬೇಕು, ಅಷ್ಟೇ." ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಾಲುಸಾಲು ಸೋಫಾಗಳ ನಡುವೆ ಕೆಲಸದವರು ಯಾರೂ ಕೂರುವಂತಿಲ್ಲ. ಅದನ್ನು ನೆನೆಸಿಕೊಂಡರೇ ಯಜಮಾನನಿಗೆ ಮಂಡಿ ನೋಯುತ್ತಿತ್ತು. ಕೂತುಕೊಂಡೇ ಸಾಯಬೇಕು, ಅದೂ ತನ್ನ ಕುರ್ಚಿಯಲ್ಲೇ ಎಂಬುದೊಂದೇ ಅವನ ಆಸೆ.

ಹೀಗಿರುವಾಗ ಸರ್ಕಾರದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಊರಿನ ಕಚೇರಿಗಳ ಹಳೆಯ ಕುರ್ಚಿಗಳನ್ನೆಲ್ಲ ದುರಸ್ತಿ ಮಾಡಿಸುವ ಗುತ್ತಿಗೆ! ಯಜಮಾನ ಓಡಿದ. ಮಾಹಿತಿ ಕೊಡುವ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ಇದು ಅಲ್ಪಸಂಖ್ಯಾತರ ಮತ್ತೆ ಮಹಿಳೆಯರ ಉದ್ಯಮಗಳಿಗೆ ಮೀಸಲು. ನೀವು ಯಾವುದರಲ್ಲಿ ಬರ್ತೀರಿ?"

ಯಜಮಾನ ಮೀಸೆ ಮುಟ್ಟಿಕೊಂಡು ಎರಡನೆಯದನ್ನು ಕೈಬಿಟ್ಟ. "ಅಲ್ಪಸಂಖ್ಯಾತ."

"ಹೇಗೆ?"

"ಇಡೀ ಬೀದಿಯಲ್ಲಿ ಕುರ್ಚಿ ರಿಪೇರಿ ಅಂಗಡಿ ಇರೋದು ನಂದೊಂದೇ ಸಾರ್. ಒಂದಕ್ಕಿಂತ ಅಲ್ಪ ಸಂಖ್ಯೆ ಇನ್ನೆಲ್ಲಿದೆ?"

"ಅದು ಏಕಸ್ವಾಮ್ಯ. ಅದಕ್ಕೆ ಬೇರೆ ಇಲಾಖೆ ಇದೆ, ಅವರು ದಂಡ ಹಾಕ್ತಾರೆ."

"ಹೋಗ್ಲಿ, ನಮ್ಮ ಮನೆ ನೋಡಿ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆಗಾಗ ಬಂದಿರೋ ನಮ್ಮಮ್ಮ. ಮದುವೆಯಾದಾಗಿನಿಂದ ನನ್ನ ಮಾತಿಗೆ ಒಂದು ಸಲವೂ ಬಹುಮತ ಬಂದಿಲ್ಲ."

ಗುಮಾಸ್ತ ಕನ್ನಡಕ ತೆಗೆದ. "ಅಷ್ಟೊಂದು ಹೆಂಗಸರಿದ್ದಾರಲ್ರೀ. ಅವರಲ್ಲಿ ಒಬ್ಬರಾದ್ರೂ ಅಂಗಡಿ ಒಡತಿ ಆಗಿದ್ರೆ ನೀವಿಲ್ಲಿ ಹೀಗೆ ತೊದಲಬೇಕಿತ್ತಾ?"

ಯಜಮಾನನ ತಲೆಯೊಳಗೆ ದೀಪ ಹತ್ತಿತು. ಆ ದೀಪದ ಬೆಳಕಿಗೆ ಕಣ್ಣು ಕುಕ್ಕಿ, ಗುಮಾಸ್ತ ಹೇಳಿದ ಮುಂದಿನ ಮಾತು ಅವನ ಕಿವಿಯಿಂದ ತಲೆಗೆ ಇಳಿಯಲೇ ಇಲ್ಲ. ಗುಮಾಸ್ತ ಹೇಳಿದ್ದಿಷ್ಟು: "ಹೆಸರು ಬರೆಸಿದ್ರೆ ಸಾಲದು. ಅವರೇ ನಡೆಸ್ತಿರಬೇಕು. ಅಧಿಕಾರಿ ಬಂದು ನೋಡ್ತಾರೆ."

ಯಜಮಾನನ ಹೆಂಡತಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಆಕೆಗೆ ಯಾವ ವಸ್ತು ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ಚಟ. ಗೋಡೆ ಗಡಿಯಾರ ನಿಂತರೆ ಬಿಚ್ಚುತ್ತಿದ್ದಳು. ನಿಲ್ಲದಿದ್ದರೆ ಯಾಕೆ ನಿಲ್ಲಲಿಲ್ಲವೆಂದು ಬಿಚ್ಚುತ್ತಿದ್ದಳು. ಮದುವೆಯಾದಾಗಿನಿಂದ ಆಕೆ ಬಿಚ್ಚಲಾರದೆ ಉಳಿದದ್ದು ಒಂದೇ ವಸ್ತು, ಗಂಡನ ಅಂಗಡಿ. ದಿನಾ ಸಂಜೆ ಕೇಳುತ್ತಿದ್ದಳು: "ಇವತ್ತು ಅಂಗಡೀಲಿ ಏನೇನಾಯ್ತು ರೀ?" ದಿನಾ ಸಂಜೆ ಯಜಮಾನ ಕೈಕಾಲು ತೊಳೆಯುತ್ತಾ ಹೇಳುತ್ತಿದ್ದ: "ಹೇಳಿದ್ರೆ ನಿಂಗೆ ಅರ್ಥ ಆಗಲ್ಲ ಬಿಡು." ನಿಜ ಹೇಳಬೇಕೆಂದರೆ ಅಂಗಡಿಯಲ್ಲಿ ಏನೂ ಆಗಿರುತ್ತಿರಲಿಲ್ಲ. ಅಷ್ಟು ಒಪ್ಪಿಕೊಳ್ಳುವುದಕ್ಕೆ ನಾಚಿಕೆ. ಆಕೆಗೇನೋ ಪ್ರತಿಸಲವೂ ಮನಸ್ಸಿಗೆ ನೋವಾಗುತ್ತಿತ್ತು. ಆದರೂ ಮರುದಿನ ಮತ್ತೆ ಕೇಳುತ್ತಿದ್ದಳು.

ಅಂಥವಳ ಮುಂದೆ ಯಜಮಾನ ಕಾಗದಗಳನ್ನು ಹರಡಿ, "ಇಲ್ಲಿ ಸೈನ್ ಹಾಕು" ಎಂದ.

"ಏನಿದು?"

"ಸುಮ್ನೆ. ಅಂಗಡಿ ನಿನ್ನ ಹೆಸರಿಗೆ ಬರೆಸ್ತಿದೀನಿ."

ಆಕೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಯಜಮಾನ ಆಕಳಿಸಿದ. ಆಕೆ ಹಿಂದಿನ ಪುಟವನ್ನೂ ತಿರುಗಿಸಿ ನೋಡಿದಳು.

"ಸಂಪೂರ್ಣ ಒಡೆತನ ಅಂತಿದೆ?"

"ಅದು ಕಾಗದದ ಮೇಲೆ."

"ಅಂಗಡಿ ಎಲ್ಲಿದೆ?"

"ಬೀದಿಯಲ್ಲಿ."

"ಅಂಗಡಿ ಬೀದಿಯಲ್ಲಿದ್ದು ಒಡೆತನ ಕಾಗದದ ಮೇಲಿದ್ರೆ ಹೇಗೆ ರೀ? ಎರಡೂ ಒಂದೇ ಕಡೆ ಇರಬೇಡ್ವಾ?"

"ನಿಂಗೆ ಅರ್ಥ ಆಗಲ್ಲ" ಎನ್ನುವುದಕ್ಕೆ ಬಾಯಿ ತೆರೆದ ಯಜಮಾನ, ಸೈನ್ ಇನ್ನೂ ಬಿದ್ದಿಲ್ಲವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಹೆಂಡತಿ ಸೈನ್ ಹಾಕಿದಳು. ಹಾಕಿ, ಪೆನ್ನಿನ ಮುಚ್ಚಳ ಮುಚ್ಚುತ್ತಾ, "ಹಾಗಾದ್ರೆ ನಾಳೆಯಿಂದ ಬರ್ತೀನಿ" ಎಂದಳು.

ಬರಬೇಡ ಎನ್ನುವಂತಿರಲಿಲ್ಲ. ಅಷ್ಟು ಹೊತ್ತಿಗೆ ಗುಮಾಸ್ತನ ಮಾತು ಯಜಮಾನನ ಕಿವಿಯಿಂದ ತಲೆಗೆ ತಲುಪಿತ್ತು. ಅಧಿಕಾರಿ ಬರುತ್ತಾರೆ, ಯಾವತ್ತು ಬರುತ್ತಾರೋ ಹೇಳುವುದಿಲ್ಲ. ಬಂದಾಗ ಒಡತಿ ಕುರ್ಚಿಯಲ್ಲಿರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಸರಿ, ನಾಲ್ಕು ಮಾತು ಕಲಿಸಿದರಾಯಿತು, ಗಿಳಿಗೆ ಕಲಿಸುವುದಿಲ್ಲವೇ ಎಂದುಕೊಂಡ.

ಗಿಳಿ ಮೊದಲ ದಿನವೇ ಕುರ್ಚಿಯಲ್ಲಿ ಕೂತು ಎಡಕ್ಕೆ ವಾಲಿತು. ಬೀಳಲಿಲ್ಲ, ಮೇಜು ಹಿಡಿದುಕೊಂಡಿತು. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ನೆಲಕ್ಕೆ ಕೂತು ಕುರ್ಚಿಯ ಅಡಿಗೆ ಇಣುಕಿತು.

"ಇದ್ಯಾಕೆ ಹೀಗಿದೆ?"

"ಅದು ಹಾಗೇ."

"ಹಾಗೇ ಅಂದ್ರೆ?"

"ಹಾಗೇ ಅಂದ್ರೆ ಹಾಗೇ! ನೀನು ಕುರ್ಚಿ ಬಿಡು, ಪಾಠ ಕೇಳು. ಇದು ಸ್ಪಂಜು, ಇದು ರೆಕ್ಸಿನ್ನು, ಇದು ಮೊಳೆ."

"ಈ ಸ್ಪಂಜು ಯಾಕೆ ಹಳದಿ ಆಗುತ್ತೆ? ಮೊಳೆಯ ತಲೆ ಯಾಕೆ ದಪ್ಪ? ಆ ಮೂಲೇಲಿರೋ ಕುರ್ಚಿಗಳೆಲ್ಲ ಮುಂದಿನ ಅಂಚಲ್ಲೇ ಯಾಕೆ ಹರಿದಿವೆ?"

ಯಜಮಾನ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಹೊಲಿಗೆಯವಳನ್ನು ನೋಡಿದ. ಹೊಲಿಗೆಯವಳು ಆ ಕುರ್ಚಿಗಳನ್ನು ನೋಡಿದಳು. ಅವು ಒಂದು ಕಚೇರಿಯಲ್ಲಿ ಅರ್ಜಿ ಹಿಡಿದು ಬರುವವರಿಗೆಂದು ಇಟ್ಟಿದ್ದ ಕುರ್ಚಿಗಳು.

"ಹರಿದಿದ್ದನ್ನ ಹೊಲೀತೀವಿ ಅಮ್ಮಾವ್ರೇ. ಯಾಕೆ ಹರೀತು ಅಂತ ಯಾರೂ ಕೇಳಿರಲಿಲ್ಲ" ಎಂದಳು ಹೊಲಿಗೆಯವಳು.

ಹೆಂಡತಿ ಮರುದಿನ ಅಂಗಡಿಗೆ ಬರುವ ಬದಲು ಸೀದಾ ಆ ಕಚೇರಿಗೆ ಹೋಗಿ, ಯಾವ ಕೆಲಸವೂ ಇಲ್ಲದೆ ಇಡೀ ಬೆಳಗ್ಗೆ ಅಲ್ಲಿನ ಮೊಗಸಾಲೆಯಲ್ಲಿ ಕೂತು ಬಂದಳು. ಜವಾನ ಮೂರು ಸಲ "ಯಾರನ್ನ ನೋಡಬೇಕಮ್ಮಾ?" ಎಂದು ಕೇಳಿದನಂತೆ. ಆಕೆ ಮೂರು ಸಲವೂ "ಎಲ್ಲರನ್ನೂ" ಎಂದಳಂತೆ. ಮಧ್ಯಾಹ್ನ ಮುಖ ಅರಳಿಸಿಕೊಂಡು ಅಂಗಡಿಗೆ ಬಂದಳು.

"ಗೊತ್ತಾಯ್ತು ರೀ! ಅಲ್ಲಿ ಯಾರೂ ಪೂರ್ತಿ ಕೂರೋದೇ ಇಲ್ಲ. ಒಳಗಿಂದ ಯಾವಾಗ ಕರೀತಾರೋ ಅಂತ ಎಲ್ಲರೂ ಅಂಚಲ್ಲೇ ಕೂತಿರ್ತಾರೆ. ಪಾಪ, ಒಬ್ಬಜ್ಜಿಯಂತೂ ಕೂತಿದ್ದಾರೋ ನಿಂತಿದ್ದಾರೋ ಗೊತ್ತಾಗ್ಲಿಲ್ಲ. ಒರಗಿ ಕೂತೋನು ಒಬ್ಬನೇ, ಅವನಿಗೆ ನಿದ್ದೆ ಬಂದಿತ್ತು."

"ಅದನ್ನ ತಿಳ್ಕೊಂಡು ಏನಾಗಬೇಕು?"

"ಮುಂದಿನ ಅಂಚಿಗೆ ಗಟ್ಟಿ ಸ್ಪಂಜು ಹಾಕಿ ಎರಡು ಹೊಲಿಗೆ ಹೊಡೆದ್ರೆ ಹರಿಯಲ್ಲ. ಅಜ್ಜಿಗೂ ಹಿತ."

ಮೇಸ್ತ್ರಿ ಆಗಲೇ ಗಟ್ಟಿ ಸ್ಪಂಜು ಕತ್ತರಿಸತೊಡಗಿದ್ದ. ಯಜಮಾನನನ್ನು ಕೇಳದೆಯೇ ಕತ್ತರಿಸಿದ್ದ. ಯಜಮಾನನಿಗೆ ಎದೆಯೊಳಗೆ ಎಲ್ಲೋ ಒಂದು ಮೊಳೆ ಸಡಿಲವಾದಂತೆ ಅನ್ನಿಸಿತು. ಆದರೆ ಗುತ್ತಿಗೆ ಬರಲಿ, ಆಮೇಲೆ ಕುರ್ಚಿ ನನ್ನದೇ ಎಂದು ಸಮಾಧಾನ ಮಾಡಿಕೊಂಡ.

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಬುದ್ಧಿವಂತನಿಗೆ ಮೂರು ಕಡೆ ಅನ್ನುವ ಹಾಗೆ ಮತ್ತೆ ಗುಮಾಸ್ತನ ಹತ್ತಿರ ಹೋದ.

"ಸಾರ್, ಗಂಡ ಅಂಗಡೀಲಿ ಇರಬಹುದಾ?"

"ಇರಬಹುದು. ಆದ್ರೆ ನಮ್ಮ ತಪಾಸಣೆ ಮೇಡಂ ಗಂಡಂದಿರನ್ನ ಕಂಡ್ರೆ ಎರಡೆರಡು ಸಲ ನೋಡ್ತಾರೆ. ಕೆಲಸದವರನ್ನ ಏನೋ ಒಂದು ಕೇಳ್ತಾರೆ. ಉತ್ತರ ಕೇಳಿಸ್ಕೊಳ್ಳಲ್ಲ. ಉತ್ತರ ಕೊಡೋ ಮುಂಚೆ ಆ ಕೆಲಸದವರು ಯಾರ ಮುಖ ನೋಡ್ತಾರೆ ಅಂತ ನೋಡ್ತಾರೆ. ಆ ಮುಖಾನೇ ನಿಜವಾದ ಮಾಲೀಕ ಅಂತ ಬರ್ಕೊಳ್ತಾರೆ."

ಯಜಮಾನ ಅಂಗಡಿಗೆ ವಾಪಸು ಬಂದವನೇ ಘೋಷಿಸಿಬಿಟ್ಟ. ತಪಾಸಣೆ ಮುಗಿಯುವ ತನಕ ತಾನು ಯಜಮಾನನೂ ಅಲ್ಲ, ಗಂಡನೂ ಅಲ್ಲ. ಮೊನ್ನೆ ಮೊನ್ನೆ ಸೇರಿದ ಆಳು. ಹಳೆಯ ಮೊಳೆ ಕೀಳುವವನು.

"ಗಂಡ ಅಂತ ಹೇಳಿದ್ರೆ ತಪ್ಪೇನಿದೆ? ಇದ್ದಿದ್ದು ಇದ್ದ ಹಾಗೆ ಹೇಳೋಣ" ಎಂದಳು ಹೆಂಡತಿ.

"ನಿಂಗೆ ಅರ್ಥ ಆಗಲ್ಲ. ಮೇಸ್ತ್ರಿ, ಇನ್ಮೇಲೆ ಯಾರೂ ನನ್ನ ಮುಖ ನೋಡಕೂಡದು!"

"ಎಲ್ಲಿ ನೋಡ್ಬೇಕು ಯಜಮಾನ್ರೇ?"

"ಎಲ್ಲಾದ್ರೂ ನೋಡು! ಯಜಮಾನ್ರೇ ಅನ್ನಲೂ ಬೇಡ!"

ಅಂದಿನಿಂದ ಯಜಮಾನ ಕೊಳಕು ಏಪ್ರನ್ನು ಕಟ್ಟಿಕೊಂಡು ನೆಲದ ಮೇಲೆ ಕೂತು ಮೊಳೆ ಕೀಳತೊಡಗಿದ. ಪ್ರತಿ ಮೊಳೆಗೂ ಒಂದು ಬೆರಳು ಜಜ್ಜಿಕೊಂಡ. ಎದುರಿನ ಕ್ಷೌರದಂಗಡಿಯವನು ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ. ಅವನ ಕನ್ನಡಿಯಲ್ಲಿ ಗಿರಾಕಿಯ ಮುಖದ ಪಕ್ಕದಲ್ಲೇ ಇಡೀ ಬೀದಿ ಕಾಣುತ್ತಿತ್ತು. ಕುರ್ಚಿಯಲ್ಲಿ ಹೆಂಡತಿ, ನೆಲದಲ್ಲಿ ಗಂಡ, ಪರದೆ ಸರಿಸಿ ಬಂದು ಹೋಗುತ್ತಾ ಅವನನ್ನು ಕಣ್ಣೆತ್ತಿಯೂ ನೋಡದ ಕೆಲಸದವರು. ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ರಸ್ತೆ ದಾಟಿ ಬಂದ.

"ಯಜಮಾನ್ರೇ! ಏನಿದು ಗತಿ?"

"ಶ್! ಯಜಮಾನ ಅನ್ನಬೇಡಪ್ಪಾ. ನಾನಿಲ್ಲಿ ಹೊಸದಾಗಿ ಸೇರಿದೋನು."

"ಅಂಗಡಿ?"

"ಅವರದು" ಎಂದು ಯಜಮಾನ ಗಲ್ಲದಲ್ಲೇ ಹೆಂಡತಿಯತ್ತ ತೋರಿಸಿದ.

ಕ್ಷೌರಿಕನ ಕಣ್ಣು ತುಂಬಿತು. "ಹೀಗೂ ಉಂಟಾ ಲೋಕದಲ್ಲಿ! ಬನ್ನಿ, ನಿಮಗೆ ಈ ತಿಂಗಳು ಕ್ಷೌರ ಬಿಟ್ಟಿ."

ಬಾಯಿಂದ ಬಾಯಿಗೆ ಹೋಗುತ್ತಾ ಸುದ್ದಿಗೆ ಕೈಕಾಲು ಮೂಡಿದವು. ಬೀದಿಯ ಆ ತುದಿಗೆ ಹೋಗುವಷ್ಟರಲ್ಲಿ ಹೆಂಡತಿ ಅಂಗಡಿ ಬರೆಸಿಕೊಂಡಿದ್ದಳು. ಪಕ್ಕದ ಬೀದಿಯಲ್ಲಿ ಗಂಡನನ್ನು ಕುರ್ಚಿಯಿಂದ ಎಳೆದು ಹಾಕಿದ್ದಳು. ಭಾವನ ಮಳಿಗೆಗೆ ತಲುಪಿದಾಗ ಯಜಮಾನನಿಗೆ ಊಟವೂ ನಿಂತಿತ್ತು. ಭಾವ ಹೇಳಿಕಳಿಸಿದ: "ಸಮವಸ್ತ್ರ ಹೊಲಿಸ್ತಿದೀನಿ, ಅಂಗಿಯ ಅಳತೆ ಕಳಿಸಿ." ಊರಿನ ಇನ್ನೊಂದು ಕೊನೆಯಲ್ಲಿ ಮಗಳ ಮನೆಯಲ್ಲಿದ್ದ ಯಜಮಾನನ ತಾಯಿಗೆ ಸುದ್ದಿ ಮುಟ್ಟಿದಾಗ ಅದು ಹೇಗಾಗಿತ್ತೆಂದು ಹೇಳುವುದು ಬೇಡ. ಮುದುಕಿ ಮಾತ್ರ ಪೆಟ್ಟಿಗೆ ಕಟ್ಟಿದಳು.

ಅಧಿಕಾರಿ ಬಂದದ್ದೂ ಅದೇ ದಿನ.

ತೆಳ್ಳಗೆ, ಉದ್ದಕ್ಕೆ, ಕೈಯಲ್ಲೊಂದು ಕೊಡೆ ಹಿಡಿದ ಹೆಂಗಸು. ಮುಖದಲ್ಲಿ ನಗು ಇತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಡತಿಗೆ ನಮಸ್ಕಾರ ಹೇಳಿ, ಪರದೆ ಸರಿಸಿ, ಎತ್ತಲೋ ನೋಡುತ್ತಾ ಕೇಳಿದಳು: "ನಿಮಗೆಲ್ಲ ವಾರದ ರಜೆ ಯಾವತ್ತು?"

ಯಜಮಾನನ ಪಾಠ ಚೆನ್ನಾಗಿ ನಾಟಿತ್ತು. ಮೇಸ್ತ್ರಿ ತಟ್ಟನೆ ಸೂರು ನೋಡತೊಡಗಿದ. ಹೊಲಿಗೆಯವಳು ಎರಡೂ ಕಣ್ಣು ಮುಚ್ಚಿಕೊಂಡಳು.

ಅಧಿಕಾರಿಯೂ ಸೂರು ನೋಡಿದಳು. "ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ ಮೇಡಂ" ಎಂದ ಮೇಸ್ತ್ರಿ, ಕತ್ತು ಇಳಿಸದೆ.

"ಇವರಿಗೇನಾಗಿದೆ?"

"ಏನಿಲ್ಲ ಮೇಡಂ, ಯಾರ ಮುಖಾನೂ ನೋಡಬಾರದು ಅಂತ..." ಎಂದು ಹೊಲಿಗೆಯವಳು ಕಣ್ಣು ಮುಚ್ಚಿಕೊಂಡೇ ಶುರುಮಾಡಿದಳು. ಯಜಮಾನ ಜೋರಾಗಿ ಕೆಮ್ಮಿದ. ಅಧಿಕಾರಿಯ ದೃಷ್ಟಿ ಸೂರಿನಿಂದ ನೆಲಕ್ಕೆ ಇಳಿಯಿತು.

"ನೀವು?"

"ಹೊಸಬ ಮೇಡಂ. ಮೊಳೆ ಕೀಳೋನು."

"ಒಂದು ಕೀಳಿ, ನೋಡೋಣ."

ಯಜಮಾನ ಇಕ್ಕಳ ಹಾಕಿ ಎಳೆದ. ಮೊಳೆ ಬರಲಿಲ್ಲ, ಕುರ್ಚಿ ಬಂತು. ಇನ್ನೊಮ್ಮೆ ಎಳೆದ. ಅವನೇ ಹಿಂದಕ್ಕೆ ಹೋದ. ಮೊಳೆ ಮಾತ್ರ ಸರ್ಕಾರಿ ನೌಕರನಂತೆ ಇದ್ದ ಜಾಗದಲ್ಲೇ ಇತ್ತು.

"ಇವರನ್ನ ಯಾಕೆ ಇಟ್ಕೊಂಡಿದ್ದೀರಿ?" ಎಂದು ಅಧಿಕಾರಿ ಒಡತಿಯನ್ನು ಕೇಳಿದಳು.

"ಬಹಳ ವರ್ಷದಿಂದ ಗೊತ್ತಿರೋರು ಮೇಡಂ. ಕೆಲಸ ಮಾತ್ರ ಈಗ ಕಲೀತಿದ್ದಾರೆ" ಎಂದಳು ಹೆಂಡತಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಧಿಕಾರಿ ಅಂಚು ಗಟ್ಟಿಮಾಡಿದ ಕುರ್ಚಿಯನ್ನು ಕೊಡೆಯ ತುದಿಯಿಂದ ಒತ್ತಿ ನೋಡಿ, ಇದೇನೆಂದು ಕೇಳಿದಳು. ಹೆಂಡತಿ ಮೊಗಸಾಲೆಯ ಅಜ್ಜಿಯ ಕಥೆ ಹೇಳಿದಳು. ಹೇಳುತ್ತಾ ತಾನೇ ಅಂಚಿನಲ್ಲಿ ಕೂತು ತೋರಿಸಿದಳು. ಅಧಿಕಾರಿಯೂ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತು ನೋಡಿದಳು. ಒಂದು ಕ್ಷಣ ಇಬ್ಬರೂ ಯಾರೋ ಒಳಗಿನಿಂದ ಕರೆಯುವುದನ್ನು ಕಾಯುತ್ತಿರುವವರ ಹಾಗೆ ಕಂಡರು.

"ಸರಿ. ಇಲಾಖೆಗೆ ಆರುನೂರು ಕುರ್ಚಿ ಒಂದೇ ತಿಂಗಳಲ್ಲಿ ಬೇಕು ಅಂದ್ರೆ ಮಾಡಿಕೊಡ್ತೀರಾ?"

ಅಧಿಕಾರಿಯ ಬೆನ್ನ ಹಿಂದೆ ಯಜಮಾನ ಹೌದು ಹೌದು ಎಂದು ತಲೆ ಅಲ್ಲಾಡಿಸಿದ. ಸಾಲದೆಂದು ಇಕ್ಕಳವನ್ನೂ ಅಲ್ಲಾಡಿಸಿದ. ಹೆಂಡತಿ ಅವನನ್ನು ನೋಡಿದಳು. ನೋಡಿಯೂ ಹೇಳಿದಳು:

"ಆಗಲ್ಲ ಮೇಡಂ. ನಮ್ಮಲ್ಲಿ ಕೆಲಸ ಬಲ್ಲೋರು ಇಬ್ಬರೇ. ಇನ್ನಿಬ್ಬರನ್ನ ಸೇರಿಸ್ಕೊಂಡ್ರೂ ಮೂರು ತಿಂಗಳು ಬೇಕು. ಒಂದೇ ತಿಂಗಳಲ್ಲಿ ಮಾಡಿದ್ರೆ ಅಂಚು ಮತ್ತೆ ಹರಿಯುತ್ತೆ."

ಮುಗಿಯಿತು ಎಂದುಕೊಂಡ ಯಜಮಾನ. ಗುತ್ತಿಗೆ ಹೋಯಿತು, ಅಂಗಡಿ ಹೋಯಿತು, ಇನ್ನು ಸಮವಸ್ತ್ರ ತೊಟ್ಟು ಭಾವನ ಸೋಫಾಗಳ ನಡುವೆ ನಿಲ್ಲುವುದೇ. ಮಂಡಿ ಆಗಲೇ ನೋಯತೊಡಗಿತು. ಆ ದುಃಖದಲ್ಲಿರುವಾಗಲೇ ಅಧಿಕಾರಿ ಬರೆದುಕೊಳ್ಳಲು ಗಾಜಿನ ಮೇಜಿನತ್ತ ಹೋದಳು. ಹೆಂಡತಿ ತಿರುಗುವ ಕುರ್ಚಿಯನ್ನು ಮುಂದೆ ಮಾಡಿ, "ಕೂತ್ಕೊಳ್ಳಿ ಮೇಡಂ" ಎಂದಳು. ಅಧಿಕಾರಿ ಕೂತಳು.

ಯಜಮಾನನಿಗೆ ಎಲ್ಲವೂ ಮರೆತುಹೋಯಿತು. ಸರ್ಕಾರ ಬೀಳುತ್ತಿದೆ ಎನ್ನುವವನ ಹಾಗೆ ಕಿರುಚಿದ: "ಎಡಕ್ಕೆ ಒರಗಬೇಡಿ ಮೇಡಂ! ಬಲಕ್ಕೆ! ಬಲಕ್ಕೆ ಹಾಕಿ ಭಾರ!"

ಕುರ್ಚಿ ಕಮಕ್ ಕಿಮಕ್ ಎನ್ನಲಿಲ್ಲ. ಕಲ್ಲಿನಂತೆ ನೆಟ್ಟಗೆ ನಿಂತಿತ್ತು. ಅಧಿಕಾರಿ ಬೇಕೆಂದೇ ಎಡಕ್ಕೆ ಒರಗಿದಳು. ಏನೂ ಆಗಲಿಲ್ಲ. ನಿಧಾನವಾಗಿ ಕುರ್ಚಿಯನ್ನು ಯಜಮಾನನತ್ತ ತಿರುಗಿಸಿದಳು. ಅದು ಸದ್ದಿಲ್ಲದೆ ಬೆಣ್ಣೆಯಂತೆ ತಿರುಗಿತು.

"ಮೊನ್ನೆ ಸೇರಿದ ಆಳಿಗೆ, ಒಡತಿಯ ಕುರ್ಚಿ ಎಡಕ್ಕೆ ವಾಲ್ತಿತ್ತು ಅಂತ ಹೇಗೆ ಗೊತ್ತು?"

ಮೇಸ್ತ್ರಿ ಮತ್ತೆ ಸೂರು ನೋಡಿದ. ಆಗ ಬಾಗಿಲಲ್ಲಿ ದಡ್ ಎಂದು ಪೆಟ್ಟಿಗೆ ಕುಕ್ಕಿದ ಸದ್ದಾಯಿತು.

"ಹೇಗೆ ಗೊತ್ತು ಅಂದ್ರೆ? ಅದು ಅವನ ಕುರ್ಚಿ ಕಣಮ್ಮಾ! ನನ್ನ ಮಗನ ಕುರ್ಚಿ!" ಯಜಮಾನನ ತಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ಇನ್ನೊಂದು ಚೀಲ ಹೊತ್ತ ಕ್ಷೌರಿಕ. "ಇವಳು ನನ್ನ ಸೊಸೆ. ಅಂಗಡಿ ಬರೆಸ್ಕೊಂಡು, ಕಟ್ಟಿಕೊಂಡ ಗಂಡನ್ನ ಕುರ್ಚಿಯಿಂದ ಇಳಿಸಿ, ನೆಲದ ಮೇಲೆ ಕೂರಿಸಿ ಮೊಳೆ ಕೀಳಿಸ್ತಿದ್ದಾಳೆ! ನೋಡು ನನ್ನ ಕಂದನ ಬೆರಳು!"

"ಅಮ್ಮಾ, ಸುಮ್ನಿರಮ್ಮಾ!" ಎಂದ ಯಜಮಾನ.

"ನೀನು ಸುಮ್ನಿರೋ, ಸುಮ್ನಿದ್ದೇ ಈ ಗತಿ ತಂದ್ಕೊಂಡೆ!"

ಅಧಿಕಾರಿಯ ಮುಖದಲ್ಲಿ ಮೊದಲ ಬಾರಿಗೆ ಕುತೂಹಲ ಕಾಣಿಸಿತು. ಪೆನ್ನು ತೆಗೆದಳು. "ಅಜ್ಜೀ, ಅಂಗಡೀಲಿ ಈಗ ಯಾರ ಮಾತು ನಡೆಯುತ್ತೆ?"

"ಇವಳದ್ದೇ! ಇನ್ಯಾರದ್ದು?"

"ನಿಮ್ಮ ಮಗನ ಮಾತು?"

"ಮೂರು ಕಾಸಿಗೂ ನಡೆಯಲ್ಲ! ಬೇಕಾದ್ರೆ ಈ ಕ್ಷೌರದಪ್ಪನ್ನ ಕೇಳು, ದಿನಾ ಕನ್ನಡಿಯಲ್ಲಿ ನೋಡಿದ್ದಾನೆ."

"ನಿಜ ಮೇಡಂ," ಕ್ಷೌರಿಕ ಗದ್ಗದನಾದ, "ಕೆಲಸದೋರು ಅವರ ಮುಖವನ್ನೂ ನೋಡಲ್ಲ."

"ಇದನ್ನ ಬರೆದು ಸೈನ್ ಹಾಕ್ತೀರಾ ಅಜ್ಜೀ?"

"ತಾ ಇಲ್ಲಿ, ಎರಡು ಕಡೆ ಹಾಕ್ತೀನಿ!"

ಹಾಕಿದಳು ಕೂಡ. ಅಧಿಕಾರಿ ಒಡತಿಯತ್ತ ತಿರುಗಿದಳು. "ಇವರು ನಿಮ್ಮ ಗಂಡ. ಇದಕ್ಕೆ ನೀವೇನಂತೀರಿ?"

ಹೆಂಡತಿ ಗಂಡನ ಜಜ್ಜಿದ ಬೆರಳುಗಳನ್ನು ನೋಡಿದಳು. ಆಕೆಗೆ ನಗುವೂ ಬಂತು, ಪಾಪ ಎಂದೂ ಅನಿಸಿತು.

"ಹೌದು ಮೇಡಂ, ನಮ್ಮ ಯಜಮಾನ್ರು. ಆಳು ಅಂದಿದ್ದು ಸುಳ್ಳು. ಮೊದಲು ನನ್ನ ಹೆಸರನ್ನ ಸುಮ್ನೆ ಬರೆಸಿದ್ರು, ಅದೂ ನಿಜ. ಆದ್ರೆ ಬರೆಸಿದ ಮೇಲೆ ನಾನು ಸುಮ್ನಿರಲಿಲ್ಲ. ಇಷ್ಟು ವರ್ಷ ಇವರನ್ನ ಕೇಳ್ತಾನೇ ಇದ್ದೆ, ಅಂಗಡೀಲಿ ಏನಾಯ್ತು ಅಂತ. ಹೇಳ್ತಿರಲಿಲ್ಲ. ಬಂದು ನೋಡಿದೆ. ಕುರ್ಚಿಗೆ ನಿನ್ನೆ ಇವರು ಕ್ಷೌರಕ್ಕೆ ಹೋಗಿದ್ದಾಗ ಐದೂ ಚಕ್ರ ಹೊಸದು ಹಾಕ್ಸಿದೆ, ಇವರನ್ನ ಕೇಳಿಲ್ಲ. ಗುತ್ತಿಗೆ ಕೊಡೋದು ಬಿಡೋದು ನಿಮಗೆ ಸೇರಿದ್ದು. ಕೊಡದಿದ್ರೂ ನಾಳೆ ನಾನಿಲ್ಲಿಗೆ ಬರ್ತೀನಿ."

ಅಧಿಕಾರಿ ಎದ್ದು ಯಜಮಾನನ ಎದುರು ನಿಂತಳು. ಅವನು ಎದ್ದು ನಿಲ್ಲುವ ಧೈರ್ಯ ಮಾಡಲಿಲ್ಲ.

"ರೀ, ಗಂಡ ಅಂತ ಹೇಳ್ಕೊಳ್ಳೋದು ಅಪರಾಧ ಅಲ್ಲ. ಅದು ಬಿಟ್ಟು ಈ ಆಳಿನ ನಾಟಕ ಆಡಿದ್ರಲ್ಲ, ಅದಕ್ಕೆ ಅರ್ಜೀನೇ ಹರಿದು ಹಾಕಬೇಕಿತ್ತು. ಆದ್ರೆ ಹೆಸರಿಗೆ ಮಾತ್ರ ಒಡತಿ ಆದೋರನ್ನ ನಾನು ಬೇಕಾದಷ್ಟು ನೋಡಿದೀನಿ. ಆರುನೂರು ಆಗುತ್ತಾ ಅಂದ್ರೆ, ಹಿಂದೆ ನಿಂತ ಗಂಡ ತಲೆ ಆಡಿಸಿದ ಹಾಗೇ ಆಗುತ್ತೆ ಅಂತಾರೆ. ನೀವು ಇಕ್ಕಳ ಆಡಿಸಿದ್ದು ಈ ಮೇಜಿನ ಗಾಜಿನಲ್ಲಿ ಕಾಣ್ತಿತ್ತು. ಅಷ್ಟಾದರೂ ಇವರು ಆಗಲ್ಲ ಅಂದ್ರು." ಅಜ್ಜಿಯ ಸೈನಿರುವ ಕಾಗದವನ್ನು ಜೋಪಾನವಾಗಿ ಮಡಚಿದಳು. "ಸೊಸೆಯದೇ ಅಧಿಕಾರ ಅಂತ ಅತ್ತೆಯೇ ಬರೆದುಕೊಟ್ಟ ಮೇಲೆ ನನಗೆ ಬೇರೆ ದಾಖಲೆ ಬೇಕಾಗಿಲ್ಲ. ಇನ್ನೊಂದು ಮಾತು. ಗುತ್ತಿಗೆ ಮುಗಿಯೋ ತನಕ ನಾನು ಯಾವಾಗ ಬೇಕಾದ್ರೂ ಬರಬಹುದು. ಹೇಳದೆ ಬರ್ತೀನಿ."

ಮುದುಕಿಗೆ ತನ್ನ ದೂರಿನ ಮೇಲೆ ಏನೋ ಭಾರಿ ಕ್ರಮ ಜರುಗಲಿದೆ ಎಂದು ಪರಮ ತೃಪ್ತಿಯಾಯಿತು.

ಗುತ್ತಿಗೆ ಬಂತು. ಮೂರು ತಿಂಗಳ ಗಡುವಿನಲ್ಲೇ ಬಂತು. ಕೋಣೆಯ ತುಂಬ ಕುರ್ಚಿಗಳು ಒಂದರ ಮೇಲೊಂದು ಕೂತವು. ಭಾವ ಸಮವಸ್ತ್ರದ ಬಟ್ಟೆಯನ್ನು ವಾಪಸು ಕೊಟ್ಟ. ಒಂದು ಸಂಜೆ ಮನೆಯಲ್ಲಿ ಕೈಕಾಲು ತೊಳೆಯುತ್ತಾ, ತನಗೇ ತಿಳಿಯದ ಹಾಗೆ ಯಜಮಾನ ಕೇಳಿದ: "ಪರದೆ ಹಿಂದೆ ಮೇಸ್ತ್ರಿ ಜೊತೆ ಅಷ್ಟು ಹೊತ್ತು ಏನು ಮಾತಾಡ್ತಿದ್ದೆ ಇವತ್ತು?" ಕೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ನಿಮಗೆ ಅರ್ಥ ಆಗಲ್ಲ ಎನ್ನುವ ಹಕ್ಕು ಆಕೆಗೆ ಪೂರ್ತಿಯಾಗಿ ಇತ್ತು. ಆಕೆ ಹಾಗನ್ನಲಿಲ್ಲ. ಊಟ ಮುಗಿಯುವ ತನಕ ಎಲ್ಲವನ್ನೂ ಹೇಳಿದಳು, ಅವನು ಕೇಳಿದ. ಇಷ್ಟು ವರ್ಷ ಇದನ್ನು ಈಕೆಗೆ ಕೊಡದೆ ಉಳಿಸಿಕೊಂಡೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ನಾಚಿಕೆ ಬೇರೆ, ಕುರ್ಚಿಯ ಆಸೆ ಬೇರೆ. ಒಂದು ಮಧ್ಯಾಹ್ನ ಹೆಂಡತಿ ಪರದೆಯ ಹಿಂದಿದ್ದಳು. ತಾಯಿ ಊಟದ ಡಬ್ಬಿ ಹಿಡಿದು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಕುರ್ಚಿ ಖಾಲಿ ಇತ್ತು. ಯಜಮಾನ ಏಪ್ರನ್ನು ಬಿಚ್ಚಿದ. ಮೀಸೆ ತೀಡಿದ. ಆ ಕಡೆ ಈ ಕಡೆ ನೋಡಿ, ಒಂದೇ ಒಂದು ನಿಮಿಷ ಎಂದುಕೊಂಡು, ಹಳೆಯ ಗಾಂಭೀರ್ಯದಲ್ಲಿ ಕೂತ. ಮೈಭಾರವನ್ನೆಲ್ಲ ಬಲಕ್ಕೆ ಹಾಕಿ, ಎಡಗಾಲನ್ನು ಮೇಜಿನ ಕಾಲಿಗೆ ಬಲವಾಗಿ ಒತ್ತಿ ಕೂತ.

ಐದು ಹೊಸ ಚಕ್ರಗಳಿಗೆ ಅಷ್ಟು ಸಾಕಾಗಿತ್ತು. ಕುರ್ಚಿ ಎಡಕ್ಕೆ ಹಾರಿತು. ಯಜಮಾನ ಬಲಕ್ಕೆ ಬಿದ್ದ. ಆ ಸದ್ದಿಗೆ ಪರದೆ ಸರಿಸಿಕೊಂಡು ಹೆಂಡತಿ ಬಂದಳು. ಅದೇ ಕ್ಷಣಕ್ಕೆ ಡಬ್ಬಿ ಹಿಡಿದ ತಾಯಿ ಹೊಸ್ತಿಲು ಮೆಟ್ಟಿ, "ಅಯ್ಯೋ, ನನ್ನ ಮಗನ್ನ ಮತ್ತೆ ಕೆಡವಿದ್ಲಪ್ಪೋ!" ಎಂದು ಬೊಬ್ಬೆ ಹೊಡೆದಳು. ಎದುರುಗಡೆ ಕ್ಷೌರಿಕನ ಕತ್ತರಿ ನಿಂತಿತು. ತಾಯಿಯ ಹಿಂದಿನಿಂದ ಕೊಡೆಯ ತುದಿಯೊಂದು ಕಾಣಿಸಿಕೊಂಡಿತು.

ಅಧಿಕಾರಿ ಇಣುಕಿ ನೋಡಿದಳು. ನಿಂತಿರುವ ಒಡತಿ, ನೆಲದ ಮೇಲೆ ಗಂಡ, ದೂರು ಹೇಳುತ್ತಿರುವ ಅತ್ತೆ.

"ಹೇಳದೆ ಬರ್ತೀನಿ ಅಂದಿದ್ನಲ್ಲ. ತಪಾಸಣೆ ಮುಗೀತು," ಎಂದು ಟಿಪ್ಪಣಿ ಬರೆದುಕೊಂಡಳು. "ಎಲ್ಲಾ ಹಿಂದಿನ ಹಾಗೇ ಇದೆ."

"ಮೇಡಂ!" ನೆಲದಿಂದಲೇ ಯಜಮಾನ ಕೂಗಿದ. "ಈಗ ಕೆಲಸ ಜಾಸ್ತಿಯಾಗಿದೆ, ಇಲ್ಲಿ ಒಬ್ಬ ಮ್ಯಾನೇಜರ್ ಬೇಕಾಗುತ್ತೆ. ಅದಕ್ಕೆ ಗಂಡ ಅರ್ಜಿ ಹಾಕಬಹುದಾ?"

ಅಧಿಕಾರಿ ಕೊಡೆಯ ತುದಿಯಿಂದ ಒಡತಿಯತ್ತ ತೋರಿಸಿ ಹೊರಟುಹೋದಳು.

ಹೆಂಡತಿ ಕೈ ಚಾಚಿದಳು. "ಮೊದಲು ಎದ್ದೇಳಿ. ಕೂರೋಕೆ ಬರುತ್ತಾ ಅಂತ ನೋಡ್ಕೊಂಡು ಆಮೇಲೆ ಹೇಳ್ತೀನಿ."